ಇಟ್ಟ ಹೆಸರು, ತೊಟ್ಟ ಹೆಸರು

(ಆಫ್ರಿಕಾದಿಂದ ಚದುರಿಹೋದ ಜನರ ಗುರುತು ಮತ್ತು ಸಂಸ್ಕೃತಿಯ ಬಗ್ಗೆ ಧಾರವಾಡದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಕೌದಿ ಹಾಸಿದ್ದೇನೆ. ಹಿಂದಿನ ಸಾಲಿನವರಿಗೆ ಸರಿಯಾಗಿ ಕಾಣಲಿಕ್ಕಿಲ್ಲ, ಹೇಳುತ್ತೇನೆ. ಅಡಿಯಲ್ಲಿ ಒಂದು ಹಳೆಯ ಸೀರೆ. ಅದರ ಮೇಲೆ ಲಂಗದ ತುಂಡು, ಅಂಗಿಯ ಬೆನ್ನು, ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ, ಯಾವುದೋ ಮದುವೆಯ ರವಿಕೆ ಕಣದ ಕೆಂಪು ಪಟ್ಟಿ. ಪ್ರತಿ ತುಂಡಿನ ಸುತ್ತಲೂ ಬಿಳಿ ದಾರದ ಹೊಲಿಗೆ, ಬತ್ತದ ಸಸಿ ನಾಟಿ ಮಾಡಿದಂತೆ ಸಾಲು ಸಾಲಾಗಿ ಹೋಗಿದೆ. ಯಲ್ಲಾಪುರ ತಾಲ್ಲೂಕಿನಲ್ಲಿ, ಆಫ್ರಿಕಾ ಮೂಲದ ಸಿದ್ದಿ ಜನರ ಒಂದು ಮನೆಯಲ್ಲಿ ಹೊಲಿದದ್ದು ಇದು. ನಾವು ಕೌದಿ ಎನ್ನುವುದನ್ನು ಅವರು ಕವಂದಿ ಎನ್ನುತ್ತಾರೆ.

ಇದನ್ನು ತೋರಿಸಿದಲ್ಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಇದರಲ್ಲಿ ಆಫ್ರಿಕಾ ಎಲ್ಲಿದೆ?" ಬಹಳ ವರ್ಷ ನಾನೂ ಅದನ್ನೇ ಹುಡುಕಿದೆ. ಆ ಪ್ರಶ್ನೆಯಲ್ಲೇ ಏನೋ ಕೊರತೆಯಿದೆ ಎಂದು ಹೊಳೆದದ್ದು ಬೆಂಗಳೂರಿನ ಒಂದು ಲಾಡ್ಜಿನಲ್ಲಿ. ನನ್ನ ಜೊತೆ ಹಳಿಯಾಳದ ಕಡೆಯ ಸಿದ್ದಿ ಗೆಳೆಯನೊಬ್ಬನಿದ್ದ. ರಾತ್ರಿ ಹತ್ತು ದಾಟಿತ್ತು. ನನ್ನ ಗುರುತಿನ ಚೀಟಿಯನ್ನು ನೋಡಿದಂತೆ ಮಾಡಿ ವಾಪಸು ಕೊಟ್ಟ ಮನುಷ್ಯ, ಅವನ ಕಡೆ ತಿರುಗಿ ಪಾಸ್‌ಪೋರ್ಟ್ ಮತ್ತು ವೀಸಾ ಕೇಳಿದ. ಗೆಳೆಯ ಮಾತಾಡದೆ ಮತದಾರರ ಚೀಟಿ ತೆಗೆದು ಮುಂದಿಟ್ಟ. ನಾನು ಸುಮ್ಮನಿರಲಾರದೆ ನಡುವೆ ಬಾಯಿ ಹಾಕಿ, ಇವರು ನಮ್ಮವರೇ, ಇವರ ಪೂರ್ವಜರನ್ನು ಶತಮಾನಗಳ ಹಿಂದೆ ಪೋರ್ಚುಗೀಸರು ಆಫ್ರಿಕಾದಿಂದ ತಂದರು ಎಂದು ಇತಿಹಾಸ ಹೇಳತೊಡಗಿದೆ. ರೂಮು ಸಿಕ್ಕಿತು. ಮೆಟ್ಟಿಲು ಹತ್ತುವಾಗ ಗೆಳೆಯ ಮೆಲ್ಲಗೆ ಹೇಳಿದ: "ಸರ್, ನನ್ನ ಮುತ್ತಜ್ಜನ ಕಥೆ ಯಾಕೆ ಹೇಳಿದಿರಿ? ರೂಮು ಬೇಕಾಗಿದ್ದದ್ದು ನನಗೆ."

ಆ ಮಾತು ನನ್ನೊಳಗೆ ಕೂತುಬಿಟ್ಟಿದೆ. ಚೀಟಿ ನೋಡಿ ಮುಗಿಯಬೇಕಾಗಿದ್ದ ಕೆಲಸಕ್ಕೆ ನಾನು ಅವನ ವಂಶದ ವಿವರಣೆ ಕೊಟ್ಟಿದ್ದೆ. ಕಪ್ಪು ಜನರ ಬಗ್ಗೆ ಮಾತಾಡುವಾಗ ನಾವು ಮಾಡುವುದು ಹೆಚ್ಚಾಗಿ ಇದನ್ನೇ. ಎಲ್ಲಿಂದ ಬಂದರು ಎಂದು ಕೇಳುತ್ತೇವೆ, ಏನು ಉಳಿಸಿಕೊಂಡಿದ್ದಾರೆ ಎಂದು ತಡಕುತ್ತೇವೆ. ಬಂದ ಮೇಲೆ ಏನು ಕಟ್ಟಿದರು ಎಂದು ಕೇಳುವುದಿಲ್ಲ. ಇಂದು ನಾನು ಮಾತಾಡಬೇಕೆಂದಿರುವುದು ಆ ಕಟ್ಟಿದ್ದರ ಬಗ್ಗೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಅಟ್ಲಾಂಟಿಕ್ ದಾಟಿದ ಹಡಗುಗಳನ್ನು ಹತ್ತಿದವರು ಯಾರೂ "ಕಪ್ಪು ಜನ"ರಾಗಿರಲಿಲ್ಲ. ಅವರು ಯೊರೂಬಾ, ಅಕಾನ್, ಇಗ್ಬೊ, ಕಾಂಗೊ, ಮಬುಂದು ಜನರಾಗಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ಕೆಲವರ ನಡುವೆ ಹಳೆಯ ಹಗೆತನವೂ ಇತ್ತು. ತಮ್ಮ ಮೈಬಣ್ಣವನ್ನೇ ಹೆಸರು ಮಾಡಿಕೊಳ್ಳಬೇಕಾದ ಪ್ರಸಂಗ ಅವರಿಗೆ ಊರಿನಲ್ಲಿ ಬಂದಿರಲಿಲ್ಲ. ಎಲ್ಲರೂ ಅದೇ ಬಣ್ಣದವರಿದ್ದಾಗ ಬಣ್ಣ ಗುರುತಾಗುವುದು ಹೇಗೆ? ಆ ಹೆಸರನ್ನು ಇಟ್ಟವರು ಕೊಂಡವರು. ಲೆಕ್ಕದ ಪುಸ್ತಕದಲ್ಲಿ ಬರೆಯಲು ಅವರಿಗೆ ಒಂದೇ ಪದ ಸಾಕಾಗಿತ್ತು.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೆ ಹೀಗೆ ಹಡಗು ಹತ್ತಿಸಲ್ಪಟ್ಟವರು ಸುಮಾರು 1.25 ಕೋಟಿ ಎಂದು ಇತಿಹಾಸಕಾರರು ಹಡಗುಗಳ ದಾಖಲೆ ಜೋಡಿಸಿ ಅಂದಾಜು ಮಾಡಿದ್ದಾರೆ. ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ನಡುವಿನ ವ್ಯತ್ಯಾಸ ಸಮುದ್ರದಲ್ಲಿದೆ. ದಡ ಮುಟ್ಟಿದವರಲ್ಲಿ 48 ಲಕ್ಷದಷ್ಟು ಜನ ಇಳಿದದ್ದು ಬ್ರೆಜಿಲ್‌ನಲ್ಲಿ. ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಆಫ್ರಿಕಾದಿಂದ ನೇರವಾಗಿ ಬಂದವರು ನಾಲ್ಕು ಲಕ್ಷಕ್ಕಿಂತ ಕಡಿಮೆ. ನಮ್ಮ ಕಲ್ಪನೆಯಲ್ಲಿ ಕಪ್ಪು ಜನರ ಕಥೆಯೆಂದರೆ ಅಮೆರಿಕದ ಹತ್ತಿ ಹೊಲ. ಲೆಕ್ಕ ನೋಡಿದರೆ ಅದು ಬ್ರೆಜಿಲ್ ಮತ್ತು ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳದು.

ಎರಡು ತಿಂಗಳೋ ಅದಕ್ಕೂ ಹೆಚ್ಚೋ ಹಿಡಿಯುತ್ತಿದ್ದ ಆ ಪಯಣದಲ್ಲಿ ಒಂದು ಸಂಗತಿ ನಡೆಯಿತು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಬೀಜ ಅಲ್ಲಿದೆ. ಒಂದೇ ಸರಪಳಿಗೆ ಬಿಗಿಸಿಕೊಂಡು ಬಂದವರು ಇಳಿಯುವ ಹೊತ್ತಿಗೆ ಬಂಧುಗಳಾಗಿದ್ದರು. ಬ್ರೆಜಿಲ್‌ನಲ್ಲಿ ಇಂಥ ಬಂಧುವಿಗೆ ಮಲುಂಗು ಎಂಬ ಪದ ಹುಟ್ಟಿತು, ಸುರಿನಾಮ್‌ನಲ್ಲಿ ಸಿಬಿ ಎಂದರು. ಜಮೈಕಾದಲ್ಲಿ ಒಂದೇ ಹಡಗಿನಲ್ಲಿ ಬಂದವರ ಮಕ್ಕಳು ತಂದೆತಾಯಿಯ ಹಡಗಿನ ಜೊತೆಗಾರರನ್ನು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಡಗಿನ ಜೊತೆಗಾರರ ನಡುವೆ ಲೈಂಗಿಕ ಸಂಬಂಧ ನಿಷಿದ್ಧ ಎಂದು ಎಣಿಸಿದ್ದೂ ಉಂಟು, ಏಕೆಂದರೆ ಅವರು ಅಣ್ಣತಂಗಿಯರ ಲೆಕ್ಕಕ್ಕೆ ಸೇರಿದ್ದರು. ನಮ್ಮ ಒಡಹುಟ್ಟು ಎಂಬ ಪದವನ್ನು ನೋಡಿ. ಒಡನೆ ಹುಟ್ಟಿದವರು ಒಡಹುಟ್ಟಿದವರು. ಇವರು ಹಡಗಿನ ಹೊಟ್ಟೆಯಲ್ಲಿ ಒಡಹುಟ್ಟಿದವರು. ಕುಲ ಕಳೆದುಕೊಂಡವರು ಮೊದಲು ಮಾಡಿದ ಕೆಲಸ ಹೊಸ ಕುಲವೊಂದನ್ನು ಕಟ್ಟಿದ್ದು.

ಹೀಗೆ ಕಟ್ಟಿದವರು ತಮಗೆ ಇಟ್ಟ ಹೆಸರನ್ನು ಏನು ಮಾಡಿದರು? ಇದಕ್ಕೆ ಹೈಟಿಗಿಂತ ದೊಡ್ಡ ಉತ್ತರ ನನಗೆ ಸಿಕ್ಕಿಲ್ಲ. ಫ್ರೆಂಚರ ವಸಾಹತುಗಳಲ್ಲೆಲ್ಲ ಹೆಚ್ಚು ಲಾಭ ತರುತ್ತಿದ್ದ ಸಕ್ಕರೆ ದ್ವೀಪ ಅದು. 1791ರ ಆಗಸ್ಟ್‌ನಲ್ಲಿ ಗುಲಾಮರು ಎದ್ದರು. ಹದಿಮೂರು ವರ್ಷ ಕಾದಾಡಿ, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಮಾರನೆಯ ವರ್ಷ ಸಂವಿಧಾನ ಬರೆದರು. ಅದರ ಒಂದು ಕಲಮಿನ ಪ್ರಕಾರ ಹೈಟಿಯ ಪ್ರಜೆಗಳೆಲ್ಲರನ್ನೂ ಇನ್ನು ಮುಂದೆ "ಕಪ್ಪು ಜನ" ಎಂಬ ಒಂದೇ ಹೆಸರಿನಿಂದ ಕರೆಯತಕ್ಕದ್ದು. ಎಲ್ಲರನ್ನೂ ಎಂದರೆ ಎಲ್ಲರನ್ನೂ. ನೆಪೋಲಿಯನ್‌ನ ಸೈನ್ಯದಲ್ಲಿ ಬಂದು ಪಕ್ಷ ಬದಲಿಸಿದ ಪೋಲೆಂಡಿನ ಸೈನಿಕರಿದ್ದರು, ಅಲ್ಲಿ ನೆಲೆಸಿದ ಜರ್ಮನ್ನರಿದ್ದರು. ಅವರ ಕೂದಲು ಹೊಂಬಣ್ಣ, ಕಣ್ಣು ನೀಲಿ. ಅವರಿಗೂ ಪೌರತ್ವ ಸಿಕ್ಕಿತು, ಕಾನೂನಿನ ಪ್ರಕಾರ ಅವರೂ ಕಪ್ಪು ಜನರಾದರು.

ಇದರ ಅರ್ಥವನ್ನು ಸ್ವಲ್ಪ ನಿಂತು ಯೋಚಿಸಿ. ಲೆಕ್ಕದ ಪುಸ್ತಕದಲ್ಲಿ ಸರಕಿಗೆ ಇಟ್ಟ ಹೆಸರನ್ನು ಈ ಜನ ತಾವೇ ತೊಟ್ಟುಕೊಂಡರು. ತೊಟ್ಟುಕೊಂಡದ್ದಷ್ಟೇ ಅಲ್ಲ, ಅದರ ಅರ್ಥವನ್ನೇ ಬುಡದಿಂದ ಬದಲಾಯಿಸಿದರು. ಅಂದಿನಿಂದ ಹೈಟಿಯಲ್ಲಿ ಕಪ್ಪು ಎಂದರೆ ಮೈಬಣ್ಣವಲ್ಲ, ಯಾರ ಗುಲಾಮನೂ ಅಲ್ಲದವನು ಎಂದು ಅರ್ಥ. ಈ ಧೈರ್ಯಕ್ಕೆ ಅವರು ತೆತ್ತ ಬೆಲೆಯನ್ನೂ ಹೇಳಬೇಕು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ಕಳಿಸಿ, ತನಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಬೇಕೆಂದು ಬರೆಸಿಕೊಂಡಿತು. ಆ ನಷ್ಟದ ಲೆಕ್ಕದಲ್ಲಿ ಕೈತಪ್ಪಿದ ಗುಲಾಮರ ಬೆಲೆಯೂ ಸೇರಿತ್ತು. ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಿದ ಆ ಸಾಲದ ಬಾಲ ಮುಗಿದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಹೈಟಿ ಏಕೆ ಬಡದೇಶ ಎಂದು ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ಮೊದಲು ಬರೆಯಿರಿ.

ಬೈಗುಳವನ್ನೇ ಎತ್ತಿ ತೊಟ್ಟುಕೊಳ್ಳುವ ಈ ಕೆಲಸ ಮುಂದೆ ಮತ್ತೆ ಮತ್ತೆ ನಡೆಯಿತು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಮಾರ್ಟಿನಿಕ್‌ನ ಎಮೆ ಸೆಸೇರ್, ಸೆನೆಗಲ್‌ನ ಲಿಯೊಪೋಲ್ಡ್ ಸೆಂಘೋರ್, ಫ್ರೆಂಚ್ ಗಯಾನಾದ ಲಿಯೊನ್ ದಮಾಸ್ ಎಂಬ ಮೂವರು ತರುಣ ಕವಿಗಳು "ನೆಗ್ರ್" ಎಂಬ ತುಚ್ಛ ಪದದಿಂದಲೇ ನೆಗ್ರಿಟ್ಯೂಡ್ ಎಂಬ ಹೆಸರು ಮಾಡಿಕೊಂಡರು. ಅವರಲ್ಲಿ ಸೆಂಘೋರ್ ಮುಂದೆ ಸೆನೆಗಲ್‌ನ ಮೊದಲ ಅಧ್ಯಕ್ಷರಾದರು. 1970ರ ದಶಕದ ಬ್ರಿಟನ್ನಿನಲ್ಲಿ ಭಾರತ, ಪಾಕಿಸ್ತಾನ ಮೂಲದವರೂ ಜನಾಂಗದ್ವೇಷದ ವಿರುದ್ಧ ಬೀದಿಗಿಳಿದಾಗ ತಮ್ಮನ್ನು ಕಪ್ಪು ಜನ ಎಂದೇ ಕರೆದುಕೊಂಡರು. ನಮ್ಮಲ್ಲಿ ಇದು ಅರ್ಥವಾಗದ ಸಂಗತಿಯೇನಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದು ದಲಿತ ಪ್ಯಾಂಥರ್ ಕಟ್ಟಿದರು. ಅದೇ ದಶಕದಲ್ಲಿ ಕರ್ನಾಟಕದ ಊರೂರಿನಲ್ಲಿ ಜನ ತಮ್ಮನ್ನು ದಲಿತರೆಂದು ಹೆಮ್ಮೆಯಿಂದ ಕರೆದುಕೊಂಡದ್ದನ್ನು ಕಂಡ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಊರು ಇಟ್ಟ ಹೆಸರುಗಳನ್ನು ಕಳಚಿ, ತಾವು ಆರಿಸಿಕೊಂಡ ಹೆಸರನ್ನು ತೊಟ್ಟದ್ದು ಎಂದರೇನೆಂದು ಅವರನ್ನು ಕೇಳಿ ತಿಳಿದುಕೊಳ್ಳಿ. ನಾನು ಹೇಳುವುದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಹೆಸರಿನ ಮಾತು ಇಷ್ಟು ಸಾಕು. ಈಗ ಕೈಗಳ ಮಾತಿಗೆ ಬರುತ್ತೇನೆ. ಹೆಸರಿಗಿಂತ ನನಗೆ ಕೈಗಳ ಕಥೆಯೇ ಹೆಚ್ಚು ಇಷ್ಟ.

ಒಡೆಯರಿಗೆ ಎಲ್ಲ ಕಡೆಯಲ್ಲೂ ಭಯ ಹುಟ್ಟಿಸಿದ ಒಂದು ವಸ್ತುವೆಂದರೆ ಚರ್ಮವಾದ್ಯ. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಸ್ಟೋನೊ ಎಂಬಲ್ಲಿ ಗುಲಾಮರು ದಂಗೆಯೆದ್ದು ಡೋಲು ಬಡಿಯುತ್ತ ದಾರಿ ಹಿಡಿದರು. ಡೋಲಿನ ಸದ್ದು ಕೇಳಿ ದಾರಿಯುದ್ದಕ್ಕೂ ಜನ ಸೇರಿಕೊಂಡರು. ಮರುವರ್ಷವೇ ಡೋಲು, ಕೊಂಬು ಯಾವುದನ್ನೂ ಗುಲಾಮರು ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂತು. ಡೋಲು ಹೋಯಿತು. ಜನ ತೊಡೆ ತಟ್ಟಿದರು, ಎದೆ ತಟ್ಟಿದರು, ಹಿಮ್ಮಡಿಯಿಂದ ನೆಲ ಗುದ್ದಿದರು. ಜುಬಾ ಎಂಬ ಆ ತಾಳದ ಆಟಕ್ಕೆ ಮೈಯೇ ವಾದ್ಯವಾಯಿತು. ಬ್ರೆಜಿಲ್‌ನಲ್ಲಿ ಪೊಲೀಸರು ಆಫ್ರಿಕಾ ಮೂಲದ ಪೂಜಾಸ್ಥಾನಗಳ ಮೇಲೆ ದಾಳಿ ಮಾಡಿ ದೇವರ ಡೋಲುಗಳನ್ನು ಹೊತ್ತೊಯ್ಯುತ್ತಿದ್ದರು. ರಿಯೊ ಡಿ ಜನೈರೊ ಪೊಲೀಸರು ಹೀಗೆ ವಶಪಡಿಸಿಕೊಂಡ ಐನೂರಕ್ಕೂ ಹೆಚ್ಚು ಪೂಜಾ ವಸ್ತುಗಳು ಮಾಟಮಂತ್ರದ ಸಾಮಾನು ಎಂಬ ಹೆಸರಿನಲ್ಲಿ ದಶಕಗಟ್ಟಲೆ ಅವರ ವಶದಲ್ಲೇ ಇದ್ದವು. ಅವು ಬಿಡುಗಡೆಯಾಗಿ ಸಾರ್ವಜನಿಕ ವಸ್ತುಸಂಗ್ರಹಾಲಯಕ್ಕೆ ಹೋದದ್ದು 2020ರಲ್ಲಿ. ನಮ್ಮ ಮನೆಯ ದೇವರ ಜಗಲಿಯನ್ನು ಠಾಣೆಯಲ್ಲಿ ಇಟ್ಟರೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿ.

ಎಲ್ಲಕ್ಕಿಂತ ಟ್ರಿನಿಡಾಡ್ ಕಥೆಯನ್ನು ನಾನು ವಿವರವಾಗಿ ಹೇಳಬೇಕು. ವೆನೆಜುವೆಲಾದ ಪಕ್ಕದಲ್ಲಿರುವ ಈ ಪುಟ್ಟ ದ್ವೀಪದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1830ರ ದಶಕದಲ್ಲಿ. ಬಿಡುಗಡೆಯಾದವರು ಪ್ರತಿ ವರ್ಷ ಕಾರ್ನಿವಲ್ ಹಬ್ಬದ ಹೊತ್ತಿಗೆ ಪಂಜು ಹಿಡಿದು, ಡೋಲು ಬಡಿಯುತ್ತ ರಾತ್ರಿ ಮೆರವಣಿಗೆ ಹೊರಡುತ್ತಿದ್ದರು. ಅದಕ್ಕೆ ಕಾನ್ಬುಲೆ ಎಂದು ಹೆಸರು, ಫ್ರೆಂಚ್‌ನಲ್ಲಿ ಉರಿದ ಕಬ್ಬು ಎಂದರ್ಥ. ಗದ್ದೆಗೆ ಬೆಂಕಿ ಬಿದ್ದಾಗ ರಾತ್ರೋರಾತ್ರಿ ಎಬ್ಬಿಸಿ ಕಬ್ಬು ಕಡಿಸುತ್ತಿದ್ದ ದಿನಗಳ ನೆನಪು ಅದು. ಬ್ರಿಟಿಷ್ ಪೊಲೀಸರು ಇದನ್ನು ತಡೆಯಲು ಹೋಗಿ 1881ರಲ್ಲಿ ದೊಡ್ಡ ಗಲಭೆಯಾಯಿತು. 1884ರ ಹೊತ್ತಿಗೆ ಮೆರವಣಿಗೆಯ ಡೋಲಿಗೆ ಕಾನೂನಿನ ಬೀಗ ಬಿತ್ತು.

ಜನ ಬಿದಿರು ಮೆಳೆಗೆ ಹೋದರು. ಉದ್ದದ ದಪ್ಪ ಬಿದಿರನ್ನು ನೆಲಕ್ಕೆ ಗುದ್ದಿದರೆ ಮಂದ್ರ, ಗಿಡ್ಡದನ್ನು ಕೋಲಿನಿಂದ ಬಡಿದರೆ ತಾರ. ಟಂಬೂ ಬಾಂಬೂ ಎಂದು ಕರೆದ ಈ ಬಿದಿರು ವಾದ್ಯದ ಮೇಳ ಐವತ್ತು ವರ್ಷ ಬೀದಿಯಲ್ಲಿ ನಡೆಯಿತು. ಬಿದಿರು ಬಡಿತಕ್ಕೆ ಸೀಳಿ ಹೋಗುತ್ತದೆ. 1930ರ ದಶಕದಲ್ಲಿ ಹುಡುಗರು ಬಿಸ್ಕತ್ ಡಬ್ಬ, ಕಸದ ಡಬ್ಬದ ಮುಚ್ಚಳ, ಹಳೆಯ ಮೋಟಾರಿನ ಬ್ರೇಕ್ ಡ್ರಮ್ಮು ಬಡಿಯಲು ತೊಡಗಿದರು. ಬಡಿದು ಬಡಿದು ತಗ್ಗಾದ ಡಬ್ಬದಲ್ಲಿ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಸ್ವರ ಬರುವುದು ಕಿವಿಗೆ ಬಿತ್ತು. ಟ್ರಿನಿಡಾಡ್ ಎಣ್ಣೆ ತೆಗೆಯುವ ದೇಶ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾನೆಲೆಯೂ ಇತ್ತು. ಖಾಲಿ ಎಣ್ಣೆ ಪೀಪಾಯಿಗಳಿಗೆ ಬರವಿರಲಿಲ್ಲ. ಎಲಿ ಮ್ಯಾನೆಟ್, ವಿನ್‌ಸ್ಟನ್ ಸೈಮನ್ ಅವರಂಥ ಬಡ ಬೀದಿಗಳ ಹುಡುಗರು 1940ರ ದಶಕದಲ್ಲಿ ಸುಮಾರು 200 ಲೀಟರಿನ ಆ ಪೀಪಾಯಿಯಿಂದ ಸ್ಟೀಲ್‌ಪ್ಯಾನ್ ಎಂಬ ವಾದ್ಯ ಮಾಡಿದರು.

ಹೇಗೆ ಮಾಡುತ್ತಾರೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಪೀಪಾಯಿಯ ತಳವನ್ನು ಮೇಲೆ ಮಾಡಿ ನಿಲ್ಲಿಸುತ್ತಾರೆ. ಭಾರದ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸುತ್ತ ಸುತ್ತ ಬಡಿಯುತ್ತ ಆ ಚಪ್ಪಟೆ ತಗಡನ್ನು ಬೋಗುಣಿಯಂತೆ ತಗ್ಗು ಮಾಡುತ್ತಾರೆ. ಅವಸರ ಮಾಡಿದರೆ ತಗಡು ಹರಿಯುತ್ತದೆ. ಸ್ವರದ ಮನೆಗಳನ್ನು ಗುರುತು ಹಾಕಿ, ಉಳಿಯಂಥ ಮೊಳೆಯಿಂದ ಸುತ್ತ ಗೆರೆ ಕೊರೆಯುತ್ತಾರೆ. ಪೀಪಾಯಿಯ ಬದಿಯನ್ನು ಬೇಕಾದಷ್ಟು ಇಟ್ಟು ಕತ್ತರಿಸುತ್ತಾರೆ. ಆಮೇಲೆ ಬೆಂಕಿಗೆ ಹಿಡಿಯುತ್ತಾರೆ, ತಗಡು ಗಟ್ಟಿಯಾಗುತ್ತದೆ. ಕೊನೆಗೆ ಸಣ್ಣ ಸುತ್ತಿಗೆ ಹಿಡಿದು ಒಂದೊಂದು ಮನೆಯನ್ನೂ ಕೆಳಗಿನಿಂದ, ಮೇಲಿನಿಂದ ಮೆಲ್ಲಗೆ ತಟ್ಟುತ್ತ ಶ್ರುತಿ ಕೂಡಿಸುತ್ತಾರೆ. ಕೆಲಸದ ಪ್ರಾಣವೆಲ್ಲ ಈ ಕೊನೆಯ ಹಂತದಲ್ಲಿದೆ. ಸಂಗೀತದ ಊರಾದ ಧಾರವಾಡದಲ್ಲಿ ನಿಂತು ಇನ್ನೊಂದನ್ನು ಹೇಳುವುದಕ್ಕೆ ನನಗೆ ಬಹಳ ಖುಷಿ. ಈ ವಾದ್ಯದ ಮುಖ್ಯ ಬಗೆಯೊಂದರಲ್ಲಿ ಸ್ವರದ ಮನೆಗಳು ಮೆಟ್ಟಿಲಿನಂತೆ ಸರಿಗಮ ಕ್ರಮದಲ್ಲಿಲ್ಲ. ದುಂಡಗೆ ಕೂತ ಮನೆಗಳಲ್ಲಿ ಒಂದು ಸ್ವರದ ಪಕ್ಕದ ಮನೆ ಅದರ ಪಂಚಮ, ಅದರ ಪಕ್ಕದ್ದು ಆ ಪಂಚಮಕ್ಕೆ ಪಂಚಮ. ಒಂದನ್ನು ಮುಟ್ಟಿದರೆ ನೆರೆಮನೆಯೂ ಮಿಡಿಯುತ್ತದೆ, ಆದ್ದರಿಂದ ಹೊಂದುವ ಸ್ವರಗಳನ್ನೇ ನೆರೆಯಾಗಿ ಕೂರಿಸಿದ್ದಾರೆ. ತಂಬೂರಿ ಕೇಳಿ ಬೆಳೆದವರಿಗೆ ಇದರ ಜಾಣ್ಮೆ ತಟ್ಟನೆ ತಿಳಿಯುತ್ತದೆ.

ಶುರುವಿನಲ್ಲಿ ಈ ವಾದ್ಯ ನುಡಿಸುವವರನ್ನು ಪುಂಡರೆಂದು ಕರೆದರು, ಮನೆಗಳಲ್ಲಿ ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಿದರು. 1951ರಲ್ಲಿ ಅದೇ ಪುಂಡರ ತಂಡ ಲಂಡನ್ನಿನ ಉತ್ಸವದಲ್ಲಿ ನುಡಿಸಿ ಬಂತು. 1992ರಲ್ಲಿ ಸ್ಟೀಲ್‌ಪ್ಯಾನ್ ದೇಶದ ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಘೋಷಿಸಿತು. ಈಗ ನಾನು ಕೇಳುತ್ತೇನೆ: ಇದರಲ್ಲಿ ಆಫ್ರಿಕಾ ಎಲ್ಲಿದೆ? ಪೀಪಾಯಿ ಎಣ್ಣೆ ಕಂಪನಿಯದು, ಕಾರ್ನಿವಲ್ ಫ್ರೆಂಚರದು, ಸ್ವರದ ಏರ್ಪಾಡು ಯುರೋಪಿನದು. ಆದರೂ ಆ ಕಪ್ಪು ಹುಡುಗರಿಲ್ಲದೆ ಇದು ಹುಟ್ಟುತ್ತಿರಲಿಲ್ಲ. ಡೋಲನ್ನು ಮೂರು ಸಲ ಕಸಿದರೆ ನಾಲ್ಕನೆಯದನ್ನು ಹುಡುಕುವ ಹಟ ಅವರಿಗೆ ಅಜ್ಜಂದಿರಿಂದ ಬಂದದ್ದು.

ಟ್ರಿನಿಡಾಡ್ ಬಿಡುವ ಮೊದಲು ನಮ್ಮವರ ಮಾತೂ ಬರಲೇಬೇಕು. ಗುಲಾಮರು ಬಿಟ್ಟ ಕಬ್ಬಿನ ಗದ್ದೆಗೆ ಭಾರತದಿಂದ ಕೂಲಿಗಳನ್ನು ಒಪ್ಪಂದದ ಮೇಲೆ ಸಾಗಿಸಿದರು. ಮೊದಲ ಹಡಗು ಮುಟ್ಟಿದ್ದು 1845ರ ಮೇ 30ರಂದು. ಆ ಕೂಲಿಗಳೂ ಒಂದೇ ಹಡಗಿನಲ್ಲಿ ಬಂದವರನ್ನು ಜಹಾಜಿ ಭಾಯಿ, ಜಹಾಜಿ ಬೆಹೆನ್ ಎಂದು ಕರೆದುಕೊಂಡರು, ಜಾತಿ ಕೇಳದೆ ಸಂಬಂಧ ಇಟ್ಟುಕೊಂಡರು. ಮಲುಂಗು ಎಂಬ ಪದದ ಬಗ್ಗೆ ಅವರಿಗೆ ಏನೂ ತಿಳಿದಿರಲಿಕ್ಕಿಲ್ಲ. ಆದರೆ ಹಡಗಿನ ಹೊಟ್ಟೆಯಲ್ಲಿ ಅವರೂ ಅದೇ ಪದವನ್ನು ಕಂಡುಕೊಂಡರು. ಅವರು ಮೊಹರಂ ಆಚರಿಸುತ್ತಿದ್ದರು, ಹೋಸೆ ಎಂದು ಅದಕ್ಕೆ ಅಲ್ಲಿನ ಹೆಸರು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಂತೆಯೇ ಅಲ್ಲಿಯೂ ಹಿಂದೂಗಳು, ಮುಸ್ಲಿಮರು ಎಲ್ಲರೂ ಸೇರುತ್ತಿದ್ದರು, ಕಪ್ಪು ಜನರೂ ಬಂದು ಡೋಲು ಬಡಿಯುತ್ತಿದ್ದರು. 1884ರ ಅಕ್ಟೋಬರ್ 30ರಂದು, ಊರೊಳಗೆ ಬರಬಾರದೆಂಬ ಆಜ್ಞೆ ಮೀರಿ ತಾಜಿಯಾ ಹೊತ್ತು ಸ್ಯಾನ್ ಫರ್ನಾಂಡೊ ಪಟ್ಟಣದತ್ತ ಬಂದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕಡಿಮೆಯೆಂದರೂ ಹದಿನಾರು ಜನ ಸತ್ತರು. ಕಪ್ಪು ಜನರ ಡೋಲಿಗೆ ಬೀಗ ಬಿದ್ದ ಅದೇ ವರ್ಷ.

ಇನ್ನು ಮನೆಗೆ ಬರೋಣ. ಹಿಂದೂ ಮಹಾಸಾಗರದ ಈ ಕಡೆ ಆಫ್ರಿಕಾದವರು ಬಂದ ಬಗೆ ಬೇರೆ. ಅರಬ್ ವರ್ತಕರ ಮೂಲಕ ಇಥಿಯೋಪಿಯದಿಂದ ಬಂದ ಗುಲಾಮ ಸೈನಿಕರು ದಖ್ಖನಿನಲ್ಲಿ ಹಬ್ಷಿಗಳೆನಿಸಿಕೊಂಡರು. ಇಲ್ಲಿ ಗುಲಾಮನಾಗಿ ಬಂದವನು ಸೇನಾಪತಿಯಾಗುವ ದಾರಿ ಇತ್ತು. ಬಾಗ್ದಾದಿನ ಮಾರುಕಟ್ಟೆಯ ಮೂಲಕ ಅಹಮದ್‌ನಗರಕ್ಕೆ ಬಂದ ಮಲಿಕ್ ಅಂಬರ್ ನಿಜಾಮಶಾಹಿಯ ಆಡಳಿತವನ್ನೇ ಕೈಗೆ ತೆಗೆದುಕೊಂಡು ಜಹಾಂಗೀರನ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಮುಂದೆ ಔರಂಗಾಬಾದ್ ಆದ ಖಡ್ಕಿ ಪಟ್ಟಣವನ್ನು ಕಟ್ಟಿ, ನೆಲದಡಿಯ ಕಾಲುವೆಗಳಿಂದ ನೀರು ತಂದ. ಅವನು ಸತ್ತದ್ದು 1626ರಲ್ಲಿ. ನಮ್ಮ ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಹಬ್ಷಿಯೇ. ಸುಲ್ತಾನನ ಜೊತೆ ಅವನು ಆನೆಯೇರಿ ಹೋಗುವ ಚಿತ್ರ ಉಳಿದಿದೆ. ಗೋಳಗುಮ್ಮಟ ನೋಡಲು ಹೋದವರಲ್ಲಿ ಎಷ್ಟು ಜನಕ್ಕೆ ಅವನ ಹೆಸರು ಗೊತ್ತು?

ಉತ್ತರ ಕನ್ನಡದ ಸಿದ್ದಿಗಳ ಕಥೆ ಇಷ್ಟು ಎತ್ತರದ್ದಲ್ಲ. ಅವರಲ್ಲಿ ಹೆಚ್ಚಿನವರ ಪೂರ್ವಜರು ಪೋರ್ಚುಗೀಸರು ಮೊಸಾಂಬಿಕ್ ಕಡೆಯಿಂದ ಗೋವೆಗೆ ತಂದ ಗುಲಾಮರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಆಮೇಲೆ ಈ ಜಿಲ್ಲೆಯ ಕಲಘಟಗಿ, ಬೆಳಗಾವಿಯ ಖಾನಾಪುರ. ಬ್ರೆಜಿಲ್‌ನಲ್ಲಿ ಓಡಿಹೋದ ಗುಲಾಮರು ಕಾಡಿನಲ್ಲಿ ಕಟ್ಟಿದ ಪಾಲ್ಮಾರೆಸ್ ಬಗ್ಗೆ ಜಗತ್ತು ಓದುತ್ತದೆ. ಅದರ ನಾಯಕ ಜುಂಬಿ ಕೊಲೆಯಾದ ನವೆಂಬರ್ 20 ಅಲ್ಲಿ ರಾಷ್ಟ್ರೀಯ ರಜಾದಿನ. ಅದೇ ಬಗೆಯ ಸಾಹಸ ನಮ್ಮ ಪಶ್ಚಿಮ ಘಟ್ಟದಲ್ಲೂ ನಡೆದಿದೆ, ನಮ್ಮ ಪಠ್ಯದಲ್ಲಿ ಅದಕ್ಕೆ ಜಾಗ ಸಿಗಬೇಕು.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮೂವರೂ ಹಿರಿಯರಿಗೆ ಎಡೆ ಇಡುತ್ತಾರೆ, ಮೂವರ ಮನೆಯಲ್ಲೂ ಡಮಾಮಿ ಡೋಲಿನ ಸದ್ದಿಗೆ ಹೆಜ್ಜೆ ಬೀಳುತ್ತದೆ. ಮನೆಯಲ್ಲಿ ತಮ್ಮದೇ ಧಾಟಿಯ ಕೊಂಕಣಿ, ಹೊರಗೆ ಕನ್ನಡ. ಅಡಿಕೆ ತೋಟಗಳಲ್ಲಿ ತಲೆಮಾರುಗಟ್ಟಲೆ ಜೀತ ಮಾಡಿದರು. 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಯೋಜನೆ ಹಾಕಿತು, ಕೆಲವೇ ವರ್ಷಗಳಲ್ಲಿ ಅದನ್ನು ನಿಲ್ಲಿಸಿತು. ಪದಕ ತಂದ ಮಕ್ಕಳು ವಾಪಸು ಕೂಲಿಗೆ ಬಂದರು. ಯೋಜನೆ ನಿಂತದ್ದು ನನಗೆ ನೋವು ಕೊಡುತ್ತದೆ. ಅದಕ್ಕಿಂತ ಹೆಚ್ಚು ನೋವು ಕೊಡುವುದು ಅದರ ಹಿಂದಿದ್ದ ಯೋಚನೆ. ನೂರಾರು ವರ್ಷ ನಮ್ಮ ನಡುವೆ ಬಾಳಿದವರನ್ನು ನೋಡಿದಾಗ ಸರ್ಕಾರದ ಕಣ್ಣಿಗೆ ಮೊದಲು ಬಿದ್ದದ್ದು ಅವರ ಕಾಲುಗಳು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಶಾಸನಸಭೆಗೆ ಹೋದ ಮೊದಲ ಸಿದ್ದಿ ಅವರು. ಅವರ ಹೆಸರಿನ ಕೊನೆಯ ಪದವನ್ನು ಗಮನಿಸಿ. ಸಿದ್ದಿ ಎಂಬುದೂ ಹೊರಗಿನವರು ಇಟ್ಟ ಹೆಸರೇ, ಅದರ ಮೂಲ ಅರಬ್ಬಿ ಎಂದು ಹಲವರು ಹೇಳುತ್ತಾರೆ. ಇಂದು ಅದನ್ನು ಹೆಮ್ಮೆಯ ಅಡ್ಡಹೆಸರಾಗಿ ತೊಟ್ಟವರು ಸಾವಿರಾರು ಜನ. ಲಾಡ್ಜಿನಲ್ಲಿ ನನ್ನ ಗೆಳೆಯ ಮುಂದಿಟ್ಟ ಮತದಾರರ ಚೀಟಿಯಲ್ಲೂ ಅದೇ ಇತ್ತು.

ಈಗ ಈ ಕವಂದಿ. ಇದನ್ನು ಅಂಚಿನಿಂದ ಶುರು ಮಾಡುತ್ತಾರೆ. ಹೊರ ಅಂಚು ಹಿಡಿದು ತುಂಡು ಸೇರಿಸುತ್ತ, ಹೊಲಿಯುತ್ತ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮೊದಲೇ ಹಾಕಿಕೊಂಡ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡು ಮುಂದಿನ ತುಂಡನ್ನು ಕರೆಯುತ್ತದೆ. ಕ್ರೈಸ್ತರ ಮನೆಯಲ್ಲಾದರೆ ನಡುವೆ ಶಿಲುಬೆ ಬರಬಹುದು, ಮುಸ್ಲಿಮರ ಮನೆಯಲ್ಲಾದರೆ ಚಂದ್ರ. ಅಮೆರಿಕದ ಕಪ್ಪು ಹೆಂಗಸರು ಹೊಲಿಯುವ ಕೌದಿಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದ ವಿದ್ವಾಂಸರು ಹೋಲಿಕೆಗಳನ್ನು ಕಂಡಿದ್ದಾರೆ. ಹೋಲಿಕೆ ಇದೆ, ನೋಡಿದರೆ ಮೈ ಜುಂ ಎನ್ನುತ್ತದೆ. ಆದರೆ ನಮ್ಮ ಸೀಮೆಯ ಕೌದಿಯ ಜೊತೆಗೂ ಇದಕ್ಕೆ ನಂಟಿದೆ. ಇದನ್ನು ಹೊಲಿದ ಅಕ್ಕ ಆಫ್ರಿಕಾವನ್ನು ನೆನೆದು ಹೊಲಿಯಲಿಲ್ಲ. ಮೊಮ್ಮಗನ ಸಮವಸ್ತ್ರ, ಮಗಳ ಲಂಗ, ತೀರಿಹೋದ ಅತ್ತೆಯ ಸೀರೆ, ಇವನ್ನು ಹೇಗೆ ಒಂದಾಗಿ ಹಿಡಿಯುವುದು ಎಂದು ಯೋಚಿಸಿ ಹೊಲಿದಳು.

ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ನಾನು ಅವಳ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಕವಂದಿ ಹಾಸಿಕೊಂಡು ಕೂತಿದ್ದಳು. ನನ್ನ ಕಣ್ಣಿಗೆ ಪೂರ್ತಿ ಮುಗಿದಂತೆಯೇ ಇತ್ತು. ಹಾಗೆಯೇ ಕೊಟ್ಟುಬಿಡು ಅಕ್ಕ, ಬಸ್ಸಿಗೆ ಹೊತ್ತಾಯಿತು ಎಂದೆ. ಅವಳು ಕತ್ತೆತ್ತಲಿಲ್ಲ. ಒಂದು ಚೌಕದ ಬಟ್ಟೆಯನ್ನು ಮಡಚಿ, ಮತ್ತೆ ಮಡಚಿ, ದಪ್ಪಗಿನ ತ್ರಿಕೋನ ಮಾಡಿ ಒಂದು ಮೂಲೆಗೆ ಇಟ್ಟು ಹೊಲಿಯುತ್ತಿದ್ದಳು. ಫುಲ ಎನ್ನುತ್ತಾರೆ ಅದಕ್ಕೆ, ಹೂವು ಎಂದರ್ಥ. ಮೈಗೆ ಬೆಚ್ಚಗಾಗಲು ಅದರಿಂದ ಏನೂ ಉಪಯೋಗವಿಲ್ಲ. ಎರಡು ಮೂಲೆಗೆ ಹೂವು ಬಿದ್ದಿತ್ತು, ಇನ್ನೆರಡು ಬರಿದಾಗಿದ್ದವು.

"ನಾಳೆ ಬನ್ನಿ ಮಾಸ್ತರೇ," ಎಂದಳು. "ಫುಲ ಇಲ್ಲದೆ ಕಳಿಸಿದರೆ ಅದು ಬತ್ತಲೆ ಹೋದಂತೆ."

ಮರುದಿನ ಹೋಗಿ ತಂದೆ. ಮೇಜಿನ ಮೇಲೆ ಹಾಸಿದ್ದೇನೆ. ಹೋಗುವ ಮೊದಲು ಒಬ್ಬೊಬ್ಬರಾಗಿ ಮೇಲೆ ಬನ್ನಿ, ಮುಟ್ಟಿ ನೋಡಿ. ನಾಲ್ಕು ಮೂಲೆಯನ್ನೂ ನೋಡಿ.